ಕೂಗದ ಹುಂಜಗಳು

ನನ್ನ ಸೋದರಮಾವ ಮೂವತ್ತೆಂಟು ವರ್ಷ ಒಂದು ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜು ತೀಡಿದವನು. ಮುಂದಿನ ಕೋಣೆಯಲ್ಲಿ ಯಜಮಾನರು ಗಿರಾಕಿಗಳ ಕಣ್ಣು ನೋಡಿ, ಚೀಟಿ ಬರೆದು, ಗೋಡೆಯಲ್ಲಿದ್ದ ಸಣ್ಣ ಕಿಟಕಿಯಿಂದ ಒಳಗೆ ತಳ್ಳುವರು. ಮಾವ ಆ ಚೀಟಿಯಂತೆ ಗಾಜು ತೀಡಿ, ಅಂಚು ಸವರಿ, ಫ್ರೇಮಿಗೆ ಕೂರಿಸಿ ಅದೇ ಕಿಟಕಿಯಿಂದ ಹೊರಗೆ ತಳ್ಳುವನು. ಎಷ್ಟೋ ದಿನ ಬೆಳಗಿನಿಂದ ಸಂಜೆಯವರೆಗೆ ಅವನ ಬಾಯಿಂದ ಒಂದು ಮಾತೂ ಹೊರಡುತ್ತಿರಲಿಲ್ಲ.

ಅವನನ್ನು ಕಟ್ಟಿಕೊಂಡ ಅತ್ತೆಯೋ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಹಗಲೆಲ್ಲ ಊರವರ ಮಾತು ಜೋಡಿಸಿಕೊಟ್ಟು, ಸಂಜೆ ಮನೆಗೆ ಬಂದು ತನ್ನ ಪಾಲಿನ ಮಾತು ಮುಗಿಸುವವಳು. "ನಿಮ್ಮ ಮಾವನ ಹತ್ರ ಮಾತಾಡೋದೂ ಒಂದೇ, ವೈರು ಕಿತ್ತಿಟ್ಟ ಫೋನ್ ಹತ್ರ ಮಾತಾಡೋದೂ ಒಂದೇ. ಎಂಗೇಜ್ ಟೋನ್ ಕೂಡ ಬರಲ್ಲ ಕಣೇ," ಎನ್ನುತ್ತಿದ್ದಳು. ಮಾವ ಅದಕ್ಕೂ ಮುಗುಳ್ನಕ್ಕು ಸುಮ್ಮನಾಗುತ್ತಿದ್ದ. ಮಕ್ಕಳಿಲ್ಲದ ಆ ಮನೆಗೆ ಭಾನುವಾರ ಹೋಗಿಬರುವುದು ನನ್ನ ರೂಢಿ. ಹಾಗಾಗಿ ಮುಂದೆ ನಡೆದದ್ದರಲ್ಲಿ ಅರ್ಧ ನಾನು ಕಣ್ಣಾರೆ ಕಂಡದ್ದು, ಉಳಿದರ್ಧ ಅತ್ತೆ ಹೇಳಿದ್ದು.

ಕೋಳಿಗಳು ಅವನ ಬದುಕಿಗೆ ಬಂದದ್ದು ಕನ್ನಡಕದ ದಾರಿಯಲ್ಲೇ. ಊರಂಚಿನಲ್ಲಿ ಒಬ್ಬ ಮುದುಕಿಯಿದ್ದಳು. ಎಲ್ಲರೂ ಅವಳನ್ನು ಕೋಳಿ ಅಜ್ಜಿ ಎನ್ನುತ್ತಿದ್ದರು. ಅವಳಿಗೆ ಹೊಸ ಕನ್ನಡಕ ಕೊಟ್ಟುಬರಲು ಯಜಮಾನರು ಮಾವನನ್ನೇ ಕಳಿಸಿದರು. ಅಜ್ಜಿ ಕನ್ನಡಕ ಹಾಕಿಕೊಂಡಳು, ಆಚೀಚೆ ನೋಡಿದಳು, ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಗಾಜು ಸರಿಯಾಗೇ ಇದೆ ಮಗಾ. ಕಣ್ಣೇ ಮುಗೀತು."

ಆಮೇಲೆ ಅವನ ತೋಳು ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದಳು. ಅಲ್ಲಿದ್ದಂಥ ಕೋಳಿಗಳನ್ನು ಮಾವ ಅದುವರೆಗೆ ನೋಡಿರಲಿಲ್ಲ. ಮಂಡಿಯೆತ್ತರದ ಹಕ್ಕಿಗಳು. ತೂಕಕ್ಕೆ ನೆಲ ಅದುಮಿ ನಡೆಯುತ್ತಿದ್ದವು. ತಲೆ ಚಿಕ್ಕದು, ಜುಟ್ಟು ಅಂಟಿಕೊಂಡಂತೆ ಗಿಡ್ಡ, ಮೈತುಂಬ ಮೆತ್ತನೆಯ ಪುಕ್ಕ. ಆ ಪುಕ್ಕ ತೊಡೆಯಲ್ಲಿ ನಿಲ್ಲದೆ ಕಾಲುದ್ದಕ್ಕೂ ಇಳಿದು ಬೆರಳುಗಳನ್ನು ಮುಚ್ಚಿ ನೆಲದ ಮೇಲೆ ಹರಡಿತ್ತು. ಉದ್ದ ಪೈಜಾಮ ಹಾಕಿದವರ ಪಾದ ಕಾಣದ ಹಾಗೆ ಅವುಗಳ ಪಾದವೂ ಕಾಣುತ್ತಿರಲಿಲ್ಲ.

ಅಜ್ಜಿ ಒಂದು ಹೇಟೆಯನ್ನು ಎತ್ತಿ ಅವನ ಕೈಗೆ ಕೊಟ್ಟಳು. "ನಡುಬೆರಳಿನ ತುದಿತನಕ ಪುಕ್ಕ ಇದೆಯಾ ಹೇಳು. ಮಂಡಿ ಹಿಂದಿನ ಗರಿ ಒಳಗೆ ಮಡಚಿಕೊಂಡಿದೆಯಾ, ಸೆಟೆದು ನಿಂತಿದೆಯಾ ಹೇಳು."

ಮಾವ ನೋಡಿದ. "ಎಡಗಾಲಲ್ಲಿ ತುದಿತನಕ ಇದೆ. ಬಲಗಾಲಲ್ಲಿ ಅರ್ಧಕ್ಕೇ ನಿಂತಿದೆ. ಮಂಡಿ ಹಿಂದೆ ಎಲ್ಲ ಮಡಚಿದೆ, ಮೂರನೇ ಗರಿ ಒಂದು ಮಾತ್ರ ಸೆಟೆದಿದೆ."

ಅಜ್ಜಿ ಹೇಟೆಯನ್ನು ವಾಪಸ್ ತೆಗೆದುಕೊಂಡಳು. "ಇಷ್ಟು ನೋಡೋಕೆ ಕಲಿಯೋದಕ್ಕೆ ನನಗೆ ಹನ್ನೆರಡು ವರ್ಷ ಬೇಕಾಯ್ತು," ಎಂದಳು.

ಅವತ್ತು ಮಾವ ಎರಡು ಬುಟ್ಟಿಯಲ್ಲಿ ಒಂದು ಹುಂಜ, ಮೂರು ಹೇಟೆ ತಂದ. ಜೊತೆಗೆ ಒಂದು ಟೈಪು ಮಾಡಿದ ಹಾಳೆ. ಆ ತಳಿಯ ಕೋಳಿ ಹೇಗಿರಬೇಕು ಅನ್ನುವ ಪಟ್ಟಿ ಅದರಲ್ಲಿತ್ತು: ಬೆನ್ನು ಎಷ್ಟು ಅಗಲ, ಎದೆ ಎಷ್ಟು ಆಳ, ಗರಿಯ ಮೇಲಿನ ಗೆರೆ ಎಷ್ಟು ಸಣ್ಣ, ಕಾಲಿನ ಪುಕ್ಕ ಎಲ್ಲಿಯವರೆಗೆ. ಅಂದದ ಕೋಳಿಗೆ ಬಹುಮಾನ ಕೊಡುವ ಸ್ಪರ್ಧೆಗಳಲ್ಲಿ ತೀರ್ಪುಗಾರರು ಕೈಯಲ್ಲಿ ಹಿಡಿದು ನೋಡುವ ಪಟ್ಟಿ ಅದು. ಬುಟ್ಟಿ ಕೊಡುವಾಗ ಅಜ್ಜಿ ಒಂದು ಮಾತು ಹೇಳಿದಳಂತೆ: "ನಾಲ್ಕು ತಲೆಮಾರಿಗೊಂದು ಸಲ ಹೊರಗಿನ ಹುಂಜ ತಂದು ಬಿಡು. ಅಂದ ಸ್ವಲ್ಪ ಕೆಡುತ್ತೆ. ಕೆಡಲಿ."

ಮಾವ ಹಿತ್ತಲಲ್ಲಿ ತಗಡಿನ ಮಾಡು ಹಾಕಿ ಗೂಡು ಕಟ್ಟಿದ. ಕಾಲಿನ ಪುಕ್ಕ ಕೆಸರು ತಾಗಿದರೆ ಮುರಿಯುತ್ತದೆಂದು ಬಡಗಿಯ ಅಂಗಡಿಯಿಂದ ಮರದ ಹೊಟ್ಟು ತಂದು ಗೇಣು ದಪ್ಪ ಹರಡಿದ. ಪ್ರತಿ ಕೋಳಿಯ ಕಾಲಿಗೂ ನಂಬರಿನ ಪ್ಲಾಸ್ಟಿಕ್ ಬಳೆ ತೊಡಿಸಿದ. ಅತ್ತೆ, "ನನಗೊಂದು ಡಜನ್ ಬಳೆ ತನ್ನಿ ಅಂದ್ರೆ ಅಳತೆ ಮರೆತುಹೋಯ್ತು ಅಂತಾರೆ. ಕೋಳಿ ಕಾಲಿನ ಅಳತೆ ಮಾತ್ರ ಬಾಯಿಪಾಠ," ಎಂದಳು. ಆದರೂ ಆ ಮೊದಲ ವರ್ಷಗಳಲ್ಲಿ ಅವಳಿಗೆ ಕೋಳಿಗಳೆಂದರೆ ಇಷ್ಟವೇ. ಮೊಟ್ಟೆ ಇಟ್ಟ ಹೇಟೆ ಊರಿಗೆಲ್ಲ ಸಾರುವುದು, ಹುಂಜ ಹೊತ್ತುಗೊತ್ತಿಲ್ಲದೆ ಕೂಗುವುದು, ಇವಳು ಅಡುಗೆಮನೆ ಕಿಟಕಿಯಿಂದ ಅವಕ್ಕೆ ಎದುರುತ್ತರ ಕೊಡುವುದು. ಮನೆಗೆ ಮಾತು ಬಂದಂತಾಗಿತ್ತು.

ತೊಂದರೆಯಾದದ್ದು ಪಕ್ಕದ ಮನೆಗೆ. ಅಲ್ಲಿದ್ದ ನರ್ಸ್ ರಾತ್ರಿ ಪಾಳಿ ಮುಗಿಸಿ ಬೆಳಗ್ಗೆ ಮಲಗುವವಳು. ಒಂದು ದಿನ ಕೆಂಪು ಕಣ್ಣಲ್ಲೇ ಬಂದು ಗೇಟಿನ ಹತ್ತಿರ ನಿಂತಳು. "ಅಂಕಲ್, ನಿಮ್ಮ ಕೋಳಿ ಮೇಲೆ ನನಗೆ ಕೋಪ ಇಲ್ಲ. ಆದ್ರೆ ನಿದ್ದೆ ಇಲ್ಲದೆ ನಿನ್ನೆ ಒಬ್ಬರಿಗೆ ಕೊಡೋ ಇಂಜೆಕ್ಷನ್ ಇನ್ನೊಬ್ಬರಿಗೆ ಕೊಡೋಳಿದ್ದೆ."

ಮಾವನಿಗೆ ಅದು ನಾಟಿತು. ಅದೇ ವರ್ಷ ಅವನು ಮೊದಲ ಸಲ ಸ್ಪರ್ಧೆಗೆ ಹೋದ. ಹುಂಜ ಪಂಜರದೊಳಗೆ ಬಡಿದಾಡಿ, ತಿರುಗಿ ಬೆನ್ನು ಹಾಕಿ, ತೀರ್ಪುಗಾರರ ಬೆರಳು ಕುಕ್ಕಿತು. "ಹಕ್ಕಿ ಚೆನ್ನಾಗಿದೆ. ಆದ್ರೆ ನಿಲ್ಲೋದೇ ಇಲ್ಲವಲ್ಲ, ನಾನು ನೋಡೋದು ಹೇಗೆ?" ಎಂದು ಅವರು ಮುಂದಿನ ಪಂಜರಕ್ಕೆ ಹೋದರು.

ಅಂದಿನಿಂದ ಮಾವ ಪಟ್ಟಿಯಲ್ಲಿದ್ದ ಗುಣಗಳ ಜೊತೆಗೆ ಇನ್ನೆರಡನ್ನು ಸೇರಿಸಿಕೊಂಡ. ಕಡಿಮೆ ಕೂಗುವ ಹುಂಜ, ನಿಲ್ಲಿಸಿದಲ್ಲಿ ನಿಲ್ಲುವ ಹೇಟೆ. ತಳಿ ಸಾಕುವುದೆಂದರೆ ಆರಿಸುವುದು. ನಲವತ್ತು ಮರಿಯಾದರೆ ಆರನ್ನು ಉಳಿಸಿಕೊಂಡು ಉಳಿದವನ್ನು ಮಾಂಸದ ಅಂಗಡಿಗೆ ಕಳಿಸಬೇಕು. ಮಾವ ಗಾಜು ನೋಡುವ ಕಣ್ಣಲ್ಲೇ ಮರಿ ನೋಡಿದ. ವರ್ಷಕ್ಕೊಂದು ತಲೆಮಾರಿನಂತೆ ವರ್ಷಗಳು ಕಳೆದವು. ಗರಿಯ ಗೆರೆ ಸಣ್ಣಗಾಯಿತು, ಬೆನ್ನು ಅಗಲವಾಯಿತು, ಪುಕ್ಕ ಎರಡೂ ಕಾಲಲ್ಲಿ ನಡುಬೆರಳಿನ ತುದಿ ಮುಟ್ಟಿತು. ಕೋಳಿ ಅಜ್ಜಿ ತೀರಿಕೊಂಡಳು. ಹೊರಗಿನ ಹುಂಜದ ಮಾತು ನಾನೇ ಒಮ್ಮೆ ಎತ್ತಿದೆ. "ಈಗ ಹೊರಗಿನದು ತಂದ್ರೆ ಇಷ್ಟು ವರ್ಷದ ಕೆಲಸ ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗೆ," ಎಂದ. ಅದು ಅವನ ಆ ವಾರದ ಅತಿ ಉದ್ದದ ಮಾತಾಗಿತ್ತೇನೋ.

ಬದಲಾವಣೆಯನ್ನು ಮೊದಲು ಗಮನಿಸಿದವಳು ಅತ್ತೆ. "ಹೇಟೆಗಳು ಮೊಟ್ಟೆ ಇಟ್ಟು ಕೂಗ್ತಾ ಇಲ್ಲ ಕಣೇ. ಗೂಡಲ್ಲಿ ಮೊಟ್ಟೆ ಸಿಗುತ್ತೆ. ಯಾರು ಯಾವಾಗ ಇಟ್ರು ಅಂತಾನೇ ಗೊತ್ತಾಗಲ್ಲ." ಆಮೇಲೆ ಹುಂಜಗಳ ಸರದಿ. ಒಂದು ಭಾನುವಾರ ನಾನು ಬೇಗ ಹೋಗಿದ್ದೆ. ಬಿಸಿಲು ಆಗಷ್ಟೇ ಹಿತ್ತಲಿಗೆ ಇಳಿದಿತ್ತು. ಏಳು ಹುಂಜಗಳೂ ಒಟ್ಟಿಗೆ ಕುತ್ತಿಗೆ ಚಾಚಿದವು, ಕೊಕ್ಕು ತೆರೆದವು, ಎದೆ ಉಬ್ಬಿಸಿದವು. ಏನೂ ಕೇಳಿಸಲಿಲ್ಲ. ಎಷ್ಟು ಹೊತ್ತು ಕೂಗಬೇಕೋ ಅಷ್ಟು ಹೊತ್ತು ಹಾಗೇ ಇದ್ದು, ಕೊಕ್ಕು ಮುಚ್ಚಿ, ಕುತ್ತಿಗೆ ಇಳಿಸಿದವು. ನನಗೆ ನನ್ನ ಕಿವಿಯ ಮೇಲೇ ಅನುಮಾನ ಬಂದು ಚಿಟಿಕೆ ಹೊಡೆದು ನೋಡಿಕೊಂಡೆ. ಚಿಟಿಕೆ ಸರಿಯಾಗಿಯೇ ಕೇಳಿಸಿತು.

"ಕೋಳಿ ಕೂಗದಿದ್ರೂ ಬೆಳಗಾಗುತ್ತೆ ಅಂತ ದೊಡ್ಡೋರು ಹೇಳಿದ್ದು ಸುಳ್ಳಲ್ಲ ಬಿಡು," ಎಂದಳು ಅತ್ತೆ ಹಿಂದಿನಿಂದ. ತಮಾಷೆ ಮಾಡಲು ಹೊರಟವಳ ದನಿ ತಮಾಷೆಯದಾಗಿರಲಿಲ್ಲ.

ಮಾವ ಮರಿ ಮಾಡಿಸುತ್ತಿದ್ದದ್ದು ಇನ್‌ಕ್ಯುಬೇಟರಿನಲ್ಲಿ. ಪುಕ್ಕಗಾಲಿನ ಭಾರದ ಹೇಟೆಗಳು ಕಾವಿಗೆ ಕೂತರೆ ಮೊಟ್ಟೆ ತುಳಿದು ಒಡೆಯುತ್ತವೆ. ಇಪ್ಪತ್ತೊಂದನೇ ದಿನಕ್ಕೆ ಮರಿ ಹೊರಬರಬೇಕು. ಅದಕ್ಕೆ ಒಂದೆರಡು ದಿನ ಮೊದಲೇ ಚಿಪ್ಪಿನೊಳಗಿಂದ ಚಿಂವ್‌ಗುಟ್ಟುವುದು ಕೇಳಿಸುತ್ತದೆ. ಕೋಳಿ ಸಾಕುವವರಿಗೆಲ್ಲ ಗೊತ್ತಿರುವ ಸಂಗತಿ. ಆ ವರ್ಷ ಇಪ್ಪತ್ತನೇ ದಿನ ಮಾವ ಒಂದೊಂದೇ ಮೊಟ್ಟೆಯನ್ನು ಕಿವಿಗೆ ಹಿಡಿದು ನೋಡುತ್ತಿದ್ದ. ಮೂವತ್ತಾರು ಮೊಟ್ಟೆ. ನನ್ನ ಕಿವಿಗೂ ಹಿಡಿದ. ಬೆಚ್ಚಗಿತ್ತು, ಅಷ್ಟೇ.

"ಸತ್ತಿವೆ ಅನ್ಸುತ್ತೆ," ಎಂದ. ದೀಪದ ಪೆಟ್ಟಿಗೆಯ ಮೇಲಿಟ್ಟು ನೋಡಿದರೆ ಒಳಗೆ ಕತ್ತಲೆ ತುಂಬಿತ್ತು, ಮರಿ ಪೂರ್ತಿ ಬೆಳೆದಿತ್ತು. ಕೊನೆಗೆ ಒಂದು ಮೊಟ್ಟೆಯ ಅಗಲದ ತುದಿಯಲ್ಲಿ ಚಿಮುಟದಿಂದ ಗುಂಡಿಯಷ್ಟು ಚಿಪ್ಪು ತೆಗೆದ. ನಾವಿಬ್ಬರೂ ಬಗ್ಗಿ ನೋಡಿದೆವು. ಒಳಗೊಂದು ಕಣ್ಣಿತ್ತು. ತೆರೆದ ಕಣ್ಣು. ಅದು ಬೆಳಕಿಗೆ ಮಿಟುಕಲಿಲ್ಲ. ನಾನು ಒಂದು ಕಡೆ, ಮಾವ ಒಂದು ಕಡೆ ಇದ್ದೆವು. ಅದು ನಿಧಾನವಾಗಿ ಮಾವನ ಕಡೆ ಹೊರಳಿತು.

ಮರುದಿನ ಮೂವತ್ತಾರಕ್ಕೆ ಮೂವತ್ತಾರೂ ಒಡೆದವು. ಒಂದೂ ಕಮಕ್ ಕಿಮಕ್ ಎನ್ನಲಿಲ್ಲ.

ಆ ಮೂವತ್ತಾರರಲ್ಲಿ ಒಂದು ಹುಂಜ ಮಾವ ಹದಿನಾಲ್ಕು ವರ್ಷ ಹುಡುಕಿದ ಹುಂಜ. ಹಾಳೆಯ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಅದರ ಮೇಲೆ ಬೆರಳಿಟ್ಟು ಓದಬಹುದಾಗಿತ್ತು. ಸ್ಪರ್ಧೆಯ ಹಿಂದಿನ ದಿನ ನಾನೂ ಕೈ ಹಾಕಿದೆ. ಮೂರು ಟಬ್ಬು ಬೆಚ್ಚನೆ ನೀರು, ಒಂದರಲ್ಲಿ ಸೋಪು, ಎರಡರಲ್ಲಿ ಬರೀ ನೀರು. ಕಾಲಿನ ಪುಕ್ಕದ ಸಂದಿಯನ್ನು ಹಲ್ಲುಜ್ಜುವ ಮೆತ್ತನೆ ಬ್ರಷ್ಷಿನಿಂದ ತಿಕ್ಕಬೇಕು. ಸಾಮಾನ್ಯ ಕೋಳಿಯನ್ನು ನೀರಿಗಿಳಿಸಿದರೆ ಮನೆ ಮಂದಿಗೆಲ್ಲ ಸ್ನಾನವಾಗುತ್ತದೆ. ಇದು ಅದ್ದಿದರೆ ಅದ್ದಿಸಿಕೊಂಡಿತು, ಎತ್ತಿದರೆ ಎತ್ತಿಸಿಕೊಂಡಿತು. ಅತ್ತೆಯ ಹೇರ್ ಡ್ರೈಯರ್ ಗುರ್ರೆಂದು ಶುರುವಾದಾಗಲೂ ರೆಪ್ಪೆ ಅಲುಗಲಿಲ್ಲ.

ದೊಡ್ಡ ಶೆಡ್ಡಿನಲ್ಲಿ ಸ್ಪರ್ಧೆ. ಇನ್ನೂರು ಪಂಜರ, ಕೂಗಾಟಕ್ಕೆ ಕಿವಿ ಗಡಚಿಕ್ಕುತ್ತಿತ್ತು. ತೀರ್ಪುಗಾರರು ನರೆತ ಮೀಸೆಯ ಹಿರಿಯರು. ಮಾವನ ಹುಂಜವನ್ನು ಹೊರತೆಗೆದು ಮೇಜಿನ ಮೇಲೆ ನಿಲ್ಲಿಸಿದರು. ರೆಕ್ಕೆ ಬಿಡಿಸಿದರು, ಕಾಲು ಎತ್ತಿದರು, ಗರಿ ಸರಿಸಿದರು. ಯಾವ ಭಂಗಿಯಲ್ಲಿ ಬಿಟ್ಟರೋ ಆ ಭಂಗಿಯಲ್ಲೇ ನಿಂತಿತ್ತು. ಎತ್ತಿದ ಕಾಲನ್ನು ಇಳಿಸುವುದಕ್ಕೂ ಅವರೇ ಬೇಕಾಯಿತು. ಅವರು ಹುಂಜದ ರೆಕ್ಕೆಯ ಕೆಳಗೆ ಎರಡು ಬೆರಳಿಟ್ಟು ಸ್ವಲ್ಪ ಹೊತ್ತು ಹಿಡಿದುಕೊಂಡರು. ಏನು ಮಾಡುತ್ತಿದ್ದಾರೆಂದು ನನಗೆ ತಡವಾಗಿ ಹೊಳೆಯಿತು. ಎದೆ ಬಡಿಯುತ್ತಿದೆಯೇ ಎಂದು ನೋಡುತ್ತಿದ್ದರು.

"ಇದು ಹೆದರೋದೇ ಇಲ್ವಾ?" ಎಂದು ಕೇಳಿದರು.

"ಇಲ್ಲ," ಎಂದ ಮಾವ.

"ನಲವತ್ತು ವರ್ಷದಿಂದ ಕೋಳಿ ನೋಡ್ತಿದ್ದೀನಿ ಯಜಮಾನ್ರೇ. ಹೆದರದ ಕೋಳಿ ನೋಡಿರಲಿಲ್ಲ." ಅವರು ಮೊದಲ ಬಹುಮಾನದ ರಿಬ್ಬನ್ ಪಂಜರಕ್ಕೆ ಕಟ್ಟಿದರು. ಕಟ್ಟಿ, ಕರವಸ್ತ್ರ ತೆಗೆದು ಕೈ ಒರೆಸಿಕೊಂಡರು. ಆಗಲೇ ಆ ಪಂಜರದ ಆಚೀಚೆಯ ನಾಲ್ಕೈದು ಪಂಜರಗಳ ಕೋಳಿಗಳೂ ಸುಮ್ಮನಾಗಿದ್ದವು. ನಾನು ಗಮನಿಸಿದೆ, ಹೇಳಲಿಲ್ಲ. ಮಾವ ಅಷ್ಟು ಖುಷಿಯಾಗಿದ್ದುದನ್ನು ಅದಕ್ಕೆ ಮೊದಲು ಕಂಡಿರಲಿಲ್ಲ.

ಬಹುಮಾನ ಬಂದ ಎರಡು ತಿಂಗಳಿಗೆ ಅತ್ತೆ ನನಗೆ ಫೋನ್ ಮಾಡಿದಳು. ಫೋನಿನಲ್ಲಿ ಎಂದೂ ಪಿಸುಮಾತಾಡದವಳು ಪಿಸುಮಾತಲ್ಲಿ, "ಭಾನುವಾರ ಬೇಡ, ನಾಳೆನೇ ಬಾ. ನಿನಗೊಂದು ತೋರಿಸಬೇಕು," ಎಂದಳು.

ಹೋದೆ. ಅವಳು ನನ್ನನ್ನು ಗೂಡಿನ ಹತ್ತಿರ ನಿಲ್ಲಿಸಿದಳು. ಒಳಗೆ ಮೂವತ್ತೊಂದು ಕೋಳಿಗಳು, ಎಲ್ಲವೂ ಮನೆಯ ಕಡೆ ಮುಖ ಮಾಡಿದ್ದವು. ಎದುರಿಗಿದ್ದದ್ದು ಬರೀ ಗೋಡೆ, ಕಿಟಕಿಯಿಲ್ಲದ ಗೋಡೆ.

"ನಿಮ್ಮ ಮಾವ ಆ ಗೋಡೆ ಆಚೆ ಗಡ್ಡ ಕೆರೀತಿದ್ದಾರೆ," ಎಂದಳು. "ಈಗ ನೋಡ್ತಿರು."

ಸ್ವಲ್ಪ ಹೊತ್ತಿಗೆ ಮೂವತ್ತೊಂದು ಕೊಕ್ಕುಗಳು ಒಟ್ಟಿಗೆ ಎಡಕ್ಕೆ ಸರಿದು ನಿಂತವು. ಅತ್ತೆ ಹಿಂಬಾಗಿಲಿಗೆ ಹೋಗಿ ಇಣುಕಿ ಬಂದಳು. "ಮಲಗೋ ಕೋಣೇಲಿ ಶರ್ಟ್ ಹಾಕ್ಕೊಳ್ತಿದ್ದಾರೆ." ಕೊಕ್ಕುಗಳು ಮತ್ತೆ ಸರಿದವು. "ನಡುಮನೆ." ಆಮೇಲೆ ಮುಂಬಾಗಿಲು ಹಾಕಿದ ಸದ್ದು, ಸೈಕಲ್ಲಿನ ಸದ್ದು. ಮಾವ ಅಂಗಡಿಗೆ ಹೊರಟಿದ್ದ. ಅಂಗಡಿಯ ದಾರಿ ಅವರ ಮನೆಯ ಕಾಂಪೌಂಡನ್ನು ಬಳಸಿಕೊಂಡು ಹೋಗುತ್ತದೆ. ಕೋಳಿಗಳು ಪುಕ್ಕದ ಪಾದ ಎತ್ತಿಟ್ಟು ಎತ್ತಿಟ್ಟು ನಿಧಾನವಾಗಿ ತಿರುಗುತ್ತ ಬಂದವು. ಒಂದು ಗಳಿಗೆ ಎಲ್ಲವೂ ನೇರ ನನ್ನ ಕಡೆ ನೋಡಿದವು. ನನ್ನನ್ನಲ್ಲ, ನನ್ನ ಹಿಂದೆ ಗೋಡೆಯಾಚೆ ಹೋಗುತ್ತಿದ್ದ ಸೈಕಲ್ಲನ್ನು. ಆಮೇಲೆ ನನ್ನನ್ನು ದಾಟಿ ಮುಂದಕ್ಕೆ ತಿರುಗಿದವು.

"ಈಗ ಸಂಜೆತನಕ ಹೀಗೇ, ಅಂಗಡಿ ಕಡೆ ಮುಖ," ಎಂದಳು ಅತ್ತೆ. "ಅವರು ಬರೋದು ಗೇಟಿನ ಸದ್ದಿಗೆ ಮೊದಲು ನನಗೆ ಇವುಗಳಿಂದ ಗೊತ್ತಾಗುತ್ತೆ. ಟೀ ಇಡ್ತೀನಿ."

ನರ್ಸಿಗೆ ಹೇಳಿದೆವು. ಅವಳು ತಿಳಿದವಳು. "ಹೆಜ್ಜೆ ಸಪ್ಪಳ ನೆಲದಲ್ಲಿ ಗೊತ್ತಾಗ್ತಿರಬೇಕು ಆಂಟಿ. ಮೊಟ್ಟೆಯಿಂದ ಹೊರಗೆ ಬಂದಾಗ ಮೊದಲು ಕಂಡಿದ್ದು ಅವರನ್ನೇ ತಾನೆ," ಎಂದಳು. ಇರಬಹುದು. ಆದರೆ ಅಂಗಡಿ ಅಲ್ಲಿಂದ ಎರಡು ಮೈಲಿ. ಮಾವನಿಗೆ ಹೇಳಿದಾಗ ಅವನು, "ಗೊತ್ತು," ಎಂದ. ಎಷ್ಟು ದಿನದಿಂದ ಗೊತ್ತು ಎಂದು ಅತ್ತೆ ಕೇಳಲಿಲ್ಲ.

ಆಮೇಲೆ ಬಂದದ್ದು ನಾಯಿಯ ದಿನ.

ಹಗಲು ಹನ್ನೊಂದು ಗಂಟೆ. ಅತ್ತೆ ಆಗಲೇ ನಿವೃತ್ತಳಾಗಿ ಮನೆಯಲ್ಲೇ ಇದ್ದಳು. ಗೂಡಿನ ತಗಡಿನ ಬಾಗಿಲು ಒಮ್ಮೆ ಗಡಗಡ ಎಂದದ್ದು ಕೇಳಿಸಿತಂತೆ. ಕೋಳಿಗಳ ಗಲಾಟೆ ಏನೂ ಇಲ್ಲವಲ್ಲ, ಗಾಳಿಯಿರಬೇಕು ಎಂದು ಸುಮ್ಮನಾದಳು. ಅರ್ಧ ಗಂಟೆ ಬಿಟ್ಟು ಒಣಗಿದ ಬಟ್ಟೆ ತರಲು ಹೋದರೆ ಗೂಡಿನೊಳಗೆ ಬೀದಿನಾಯಿ. ಐದು ಹೇಟೆಗಳು ಬಿದ್ದಿದ್ದವು, ಆರನೆಯದು ಅದರ ಬಾಯಲ್ಲಿತ್ತು. ಉಳಿದವು ಓಡಲಿಲ್ಲ, ಹಾರಲಿಲ್ಲ, ಮೂಲೆ ಸೇರಲಿಲ್ಲ. ರಕ್ತ ಹಾರಿದ ಹೊಟ್ಟಿನ ಮೇಲೆ ನಿಂತಲ್ಲೇ ನಿಂತು ಅಂಗಡಿಯ ದಿಕ್ಕಿಗೆ ನೋಡುತ್ತಿದ್ದವು. ನಾಯಿಯ ಬಾಯಲ್ಲಿದ್ದ ಹೇಟೆಯೂ ಕುತ್ತಿಗೆ ಹೊರಳಿಸಿ ಅತ್ತಲೇ ನೋಡುತ್ತಿತ್ತು.

ಅತ್ತೆ ಬಕೆಟ್ ಎಸೆದು ನಾಯಿಯನ್ನು ಓಡಿಸಿ ಅಂಗಡಿಗೆ ಫೋನ್ ಮಾಡಿದಳು. ಮಾವ ಬಂದ. ಮಗುಚಿಟ್ಟ ಟಬ್ಬಿನ ಮೇಲೆ ಕೂತ. ಸತ್ತವನ್ನು ಒಂದೊಂದಾಗಿ ಮಡಿಲಲ್ಲಿಟ್ಟುಕೊಂಡು ಕಾಲಿನ ಪುಕ್ಕ ನೇರ ಮಾಡಿದ. ಬದುಕಿದ್ದವು ಸುತ್ತ ನಿಂತು ಅವನನ್ನೇ ನೋಡುತ್ತಿದ್ದವು.

"ಒಂದಾದ್ರೂ ಕೂಗಬಾರದಿತ್ತಾ," ಎಂದ. "ಒಂದು ಕೂಗಿದ್ರೆ ನೀನು ಬರ್ತಿದ್ದೆ."

"ಕೂಗೋದು ಬೇಡ ಅಂದಿದ್ದು ನೀವೇ ಅಲ್ವಾ," ಎಂದುಬಿಟ್ಟಳು ಅತ್ತೆ. ಮಾತು ಆಡಿದರೆ ಹೋಯಿತು. ಆ ಮಾತಿಗೆ ಅವಳು ಇವತ್ತಿಗೂ ನಾಲಿಗೆ ಕಚ್ಚಿಕೊಳ್ಳುತ್ತಾಳೆ.

ಆ ಭಾನುವಾರ ಮಾವ ನನ್ನ ಹತ್ತಿರ ಹೇಳಿದ್ದು ಇಷ್ಟು: "ಪಟ್ಟಿಯಲ್ಲಿ ಇರೋದನ್ನ ಆರಿಸ್ತಿದ್ದೀನಿ ಅಂದ್ಕೊಂಡಿದ್ದೆ ಮಗು. ಪಟ್ಟಿಯಲ್ಲಿ ಇಲ್ಲದ್ದೂ ಅದರ ಹಿಂದೆ ಹಿಂದೆ ಬರ್ತಿತ್ತು. ನಾನು ನೋಡ್ಲಿಲ್ಲ. ನೋಡೋದೇ ನನ್ನ ಕೆಲಸ, ನಾನೇ ನೋಡ್ಲಿಲ್ಲ."

ಈಗ ಅವನಿಗೆ ಹೊರಗಿನ ಹುಂಜದ ಬಗ್ಗೆ ಅಜ್ಜಿ ಹೇಳಿದ ಮಾತು ನೆನಪಾಯಿತು. ಮೊಟ್ಟೆ ಅಂಗಡಿಯವನ ಹಿತ್ತಲಲ್ಲಿ ಒಂದು ಬೆರಕೆ ಹುಂಜವಿತ್ತು. ಬೋಳುಗಾಲು, ಕುಂಕುಮದ ಬಣ್ಣ, ಗಂಟಲೋ ಮೈಕು. ಅದನ್ನು ಕೇಳಿ ತಂದು ಗೂಡಿಗೆ ಬಿಟ್ಟ. ಮೂರು ದಿನ ಅದು ಕೂಗಿದ ಕೂಗಿಗೆ ತಗಡು ನಡುಗಿತು. ಅತ್ತೆ ಕಿಟಕಿಯಲ್ಲಿ ನಿಂತು ಅದಕ್ಕೆ ಉತ್ತರ ಕೊಟ್ಟಳು. ನರ್ಸ್ ಕೂಡ ಗೋಡೆಯ ಮೇಲಿಂದ ತಲೆ ಹಾಕಿ, "ಕೂಗಲಿ ಬಿಡಿ ಅಂಕಲ್, ನಾನು ಕಿವಿಗೆ ಹತ್ತಿ ಇಟ್ಕೊಳ್ತೀನಿ," ಎಂದಳು. ಹೇಟೆಗಳು ಮಾತ್ರ ಅದನ್ನು ತಿರುಗಿಯೂ ನೋಡಲಿಲ್ಲ.

ನಾಲ್ಕನೇ ಬೆಳಗ್ಗೆ ಕೂಗು ಕೇಳಿಸಲಿಲ್ಲ. ಅತ್ತೆ ಹೋಗಿ ನೋಡಿದಳು. ಬೆರಕೆ ಹುಂಜ ಉಳಿದವುಗಳ ಸಾಲಿನಲ್ಲಿ, ಮಾವ ಮಲಗಿದ್ದ ಕೋಣೆಯ ಕಡೆ ಮುಖ ಮಾಡಿ ನಿಂತಿತ್ತು. ಅವು ಕುತ್ತಿಗೆ ಚಾಚಿದಾಗ ಅದೂ ಚಾಚಿತು, ಅವು ಕೊಕ್ಕು ತೆರೆದಾಗ ಅದೂ ತೆರೆಯಿತು. ಪಿಟ್ಟೆನ್ನಲಿಲ್ಲ.

ಮಾವ ಟೀ ಕೂಡ ಕುಡಿಯದೆ ಅದನ್ನು ಬುಟ್ಟಿಗೆ ಹಾಕಿಕೊಂಡು ಸೈಕಲ್ ಹತ್ತಿದ. ಮೊಟ್ಟೆ ಅಂಗಡಿ ಮುಟ್ಟಿ, ಮುಚ್ಚಳ ತೆಗೆಯುವ ಮೊದಲೇ ಬುಟ್ಟಿಯೊಳಗಿಂದ ಹುಂಜ ಕೂಗಿತಂತೆ. ಅಂಗಡಿಯವನು ನಕ್ಕು, "ಏನ್ ಸಾರ್, ನಿಮ್ಮ ಮನೆ ನೀರು ಹಿಡಿಸಲಿಲ್ವಾ ಇದಕ್ಕೆ?" ಎಂದ. ಮಾವ ಅಲ್ಲೇ ಬೆಂಚಿನ ಮೇಲೆ ಬಹಳ ಹೊತ್ತು ಕೂತಿದ್ದು ಬಂದ.

ಅವತ್ತು ಸಂಜೆ ಅವನು ಇನ್‌ಕ್ಯುಬೇಟರಿನ ಪ್ಲಗ್ ಕಿತ್ತು ವೈರು ಸುತ್ತಿಟ್ಟ. ಒಂದು ತಳಿಯನ್ನು ಕಟ್ಟಿದವನಿಗೆ ಅದಕ್ಕಿಂತ ಕಷ್ಟದ ಕೆಲಸವಿಲ್ಲ. ಬಹುಮಾನದ ಸುದ್ದಿ ಕೇಳಿ ದೂರದೂರದಿಂದ ನಾಲ್ಕು ಜನ ಮೊಟ್ಟೆ ಕೇಳಿಕೊಂಡು ಬಂದರು. ನಾಲ್ವರಿಗೂ ಒಂದೇ ಉತ್ತರ: "ಕಾವಿಗೆ ಇಡೋಕೆ ಕೊಡಲ್ಲ. ತಿನ್ನೋಕೆ ಬೇಕಾದ್ರೆ ಇಲ್ಲೇ ಬೇಯಿಸಿ ಕೊಡ್ತೀನಿ." ಒಬ್ಬಾತ ಸಿಟ್ಟಿನಿಂದ, "ನಿಮಗೆ ಹೊಟ್ಟೆಕಿಚ್ಚು," ಎಂದು ಹೋದ. ಕೊಂದುಬಿಡು ಎಂದು ಯಾರೋ ಹೇಳಿದ್ದಕ್ಕೆ ಮಾವ, "ನಿಂತು ನೋಡ್ತಿರುತ್ತೆ. ಹೇಗೆ ಕೊಲ್ಲೋದು?" ಎಂದ.

ಅಲ್ಲಿಂದ ಮುಂದೆ ಅವು ವಯಸ್ಸಾಗಿ ಸಾಯುವವರೆಗೆ ಸಾಕಿದ. ಆರು ವರ್ಷ ಹಿಡಿಯಿತು. ಅಷ್ಟರಲ್ಲಿ ಅವನೂ ಅಂಗಡಿ ಬಿಟ್ಟಿದ್ದ. ಬೆಳಗ್ಗೆ ಪೇಪರ್ ತೆಗೆದುಕೊಂಡು ಗೂಡಿನ ಮುಂದೆ ಟಬ್ಬು ಮಗುಚಿಕೊಂಡು ಕೂರುವನು. ಮೊದಮೊದಲು ಸುಮ್ಮನೆ ಓದಿಕೊಳ್ಳುತ್ತಿದ್ದವನು ಆಮೇಲೆ ಅವುಗಳಿಗೆ ಕೇಳಿಸುವಂತೆ ಓದತೊಡಗಿದ. ಓದು ಮುಗಿದರೆ ಮಾತು. ಇದರ ಅಜ್ಜಿ ಎಷ್ಟು ಜಗಳಗಂಟಿಯಾಗಿತ್ತು, ಅದರ ಮುತ್ತಜ್ಜ ಯಾರ ಬೆರಳು ಕುಕ್ಕಿತ್ತು, ತಾನು ಯಾವ ವರ್ಷ ಯಾವ ಮರಿಯನ್ನು ಬೇಡವೆಂದು ಕಳಿಸಿದೆ, ಅದರ ಗಂಟಲು ಹೇಗಿತ್ತು. ಅವಕ್ಕೆ ಮಾತು ಬರಲಿ ಎಂದು ಹಾಗೆ ಮಾಡಿದನೋ, ತಪ್ಪೊಪ್ಪಿಕೊಂಡನೋ ನನಗೆ ತಿಳಿಯದು. ಅವು ನಿಂತು ನೋಡುತ್ತಿದ್ದವು, ಅಷ್ಟೇ. ಅತ್ತೆ ಅಡುಗೆಮನೆಯಿಂದ ಕೇಳಿಸಿಕೊಂಡು ಒಂದು ದಿನ ಕುರ್ಚಿ ಎತ್ತಿಕೊಂಡು ಹೊರಗೆ ಬಂದಳು. "ಇಷ್ಟು ವರ್ಷ ಕಾದೆ. ಕೊನೆಗೆ ಕೋಳಿಗಳ ಪಾಲಾಗ್ತಿದೆ ಮಾತು. ನಾನೂ ಕೂತ್ಕೋತೀನಿ, ಓದಿ."

ಅವು ಒಂದೊಂದಾಗಿ ಹೋದವು. ನಿಂತೇ ಹೋಗುತ್ತಿದ್ದವು. ಪಾದದ ಸುತ್ತ ಹರಡಿದ ಪುಕ್ಕ ಅವನ್ನು ಬೀಳಗೊಡುತ್ತಿರಲಿಲ್ಲವೇನೋ. ಹಾಗಾಗಿ ದಿನಾ ಬೆಳಗ್ಗೆ ಮಾವ ಗೂಡಿನ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯುವನು. ಯಾವುದರ ಮುಖ ಅವನ ಜೊತೆ ತಿರುಗಲಿಲ್ಲವೋ ಅದು ಸತ್ತಿದೆಯೆಂದು ಅರ್ಥ. ಅದನ್ನು ಎತ್ತಿಕೊಂಡು ಹೋಗಿ ಕಾಂಪೌಂಡಿನ ಮೂಲೆಯಲ್ಲಿ ಹೂಳುವನು.

ಕೊನೆಯ ಹೇಟೆ ಸತ್ತದ್ದು ಒಂದು ಭಾನುವಾರ ಮಧ್ಯಾಹ್ನ. ನಾನಿದ್ದೆ. ಹೂತು, ಕೈಕಾಲು ತೊಳೆದು ಒಳಗೆ ಬಂದ ಮಾವ ಕೂರಲಿಲ್ಲ. ಬರಿಗಾಲಲ್ಲಿ ನಡುಮನೆಗೆ ಹೋಗಿ ನಿಂತ. ಅಲ್ಲಿಂದ ಮಲಗುವ ಕೋಣೆಗೆ, ಅಲ್ಲಿಂದ ಬಚ್ಚಲಿಗೆ. ಪ್ರತಿ ಕಡೆಯೂ ಗೋಡೆಯ ಕಡೆ ಮುಖ ಮಾಡಿ ಕಿವಿಗೊಟ್ಟವನಂತೆ ನಿಲ್ಲುತ್ತಿದ್ದ.

"ಏನ್ರೀ ಅದು, ಮರಿ ಕಳಕೊಂಡ ಬೆಕ್ಕಿನ ಹಾಗೆ?" ಎಂದಳು ಅತ್ತೆ.

"ಏನಿಲ್ಲ," ಎಂದ. ಗೋಡೆ ಮುಟ್ಟಿ ನೋಡಿ, "ನಾನು ಎಲ್ಲಿದ್ದೀನಿ ಅಂತ ಗೊತ್ತಾಗ್ತಿಲ್ಲ ಇವಳೇ," ಎಂದ.

ಅತ್ತೆ ಎದ್ದು ಅವನ ರಟ್ಟೆ ಹಿಡಿದು ತಂದು ಕುರ್ಚಿಯಲ್ಲಿ ಕೂರಿಸಿದಳು. "ಇಲ್ಲಿದ್ದೀರಿ. ಕೂತ್ಕೊಳ್ಳಿ." ಆಮೇಲೆ ಕತ್ತಲಾಗುವವರೆಗೂ ಎಕ್ಸ್‌ಚೇಂಜಿನ ಹಳೆಯ ಕತೆಗಳನ್ನೆಲ್ಲ ಹೇಳಿದಳು. ಮಾವ ಪ್ರತಿಯೊಂದಕ್ಕೂ ಹೂಂಗುಟ್ಟಿದ, ಒಂದೆರಡಕ್ಕೆ ಪ್ರಶ್ನೆಯನ್ನೂ ಕೇಳಿದ. ಅವನ ಕೈ ಮಾತ್ರ 'ಇದ್ದೀನಿ, ಇದ್ದೀನಿ' ಅನ್ನುವಂತೆ ಕುರ್ಚಿಯ ಹಿಡಿಯನ್ನು ತಟ್ಟುತ್ತಲೇ ಇತ್ತು.

ಮುಂದಿನ ವಾರ ನಾವಿಬ್ಬರೂ ಗೂಡು ಬಿಚ್ಚಿದೆವು. ತಗಡು ಇಳಿಸಿ, ಹಳೆಯ ಹೊಟ್ಟನ್ನು ಗುದ್ದಲಿಯಿಂದ ಎಳೆದು ತೆಗೆದಾಗ ಕೆಳಗಿನ ಗಟ್ಟಿ ನೆಲ ಕಂಡಿತು. ನೆಲದ ತುಂಬ ಬಟ್ಟಲಿನಂಥ ಸಣ್ಣ ಸಣ್ಣ ತಗ್ಗುಗಳಿದ್ದವು. ಜೋಡಿ ಜೋಡಿಯಾಗಿ, ಸಾಲು ಸಾಲಾಗಿ, ಒಂದೊಂದೂ ಬೆರಳುದ್ದ ಆಳ. ನಿಂತು ನಿಂತು, ನಿಂತಲ್ಲೇ ತಿರುಗಿ ತಿರುಗಿ ಅವು ನೆಲವನ್ನು ಸವೆಸಿದ್ದವು. ನಾನು ಹಿಂದೆ ಸರಿದೆ. ಮಾವ ಸರಿಯಲಿಲ್ಲ. ಬುಟ್ಟಿಯಲ್ಲಿ ಮಣ್ಣು ತಂದು, ಕುಕ್ಕರಗಾಲಲ್ಲಿ ಕೂತು, ಒಂದೊಂದು ತಗ್ಗಿಗೂ ಹಿಡಿ ಹಿಡಿ ತುಂಬಿ, ನೀರು ಚಿಮುಕಿಸಿ, ಅಂಗೈಯಿಂದ ಒತ್ತಿ ಸಮ ಮಾಡಿದ. ಎರಡು ದಿನ ಹಿಡಿಯಿತು. ಎರಡು ದಿನವೂ ಮಾತಾಡುತ್ತಲೇ ಇದ್ದ. ಇಲ್ಲಿ ಬಿಸಿಲು ಚೆನ್ನಾಗಿ ಬೀಳುತ್ತೆ, ಮೂಲಂಗಿ ಹಾಕಿದರೆ ಬರುತ್ತೇನೋ, ಬೀಜ ಎಲ್ಲಿ ಸಿಗುತ್ತೆ ಕೇಳಬೇಕು, ಎಂದ.